ಶಂಷಾಬಾದ್ ದಾಟುವ ಮುನ್ನ

ದಿಲ್‌ಸುಖ್‌ನಗರದ ಮೆಟ್ರೊ ನಿಲ್ದಾಣದಲ್ಲಿ ಇಳಿದು ಚೈತನ್ಯಪುರಿಯ ಕಡೆ ಹೆಜ್ಜೆ ಹಾಕಿದರೆ ಮೊದಲು ಕಣ್ಣಿಗೆ ಬೀಳುವುದು ಬೋರ್ಡುಗಳು. ಕೋಚಿಂಗ್ ಸೆಂಟರು, ಹಾಸ್ಟೆಲ್ಲು, ವೀಸಾ ಕನ್ಸಲ್ಟೆನ್ಸಿ, ನಡುವೆ ಸೀರೆ, ಚಿನ್ನ, ಟಿಫಿನ್. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಎಂದು ಬರೆದ ಫಲಕಗಳ ಸಾಲಿಗೆ ಈಚೆಗೆ ಬ್ಯಾಂಕಾಕ್, ದುಬೈ, ಮಲೇಷ್ಯಾ ಟೂರಿನ ಫಲಕಗಳೂ ಸೇರಿಕೊಂಡಿವೆ. ಮಕ್ಕಳನ್ನು ಪರದೇಶಕ್ಕೆ ಕಳಿಸುವುದರಲ್ಲಿ ಈ ಬಡಾವಣೆ ಪಳಗಿದೆ. ಅಪ್ಪ ಅಮ್ಮಂದಿರು ತಾವೇ ಹೊರಡುವುದರಲ್ಲಿ ಇನ್ನೂ ಅಷ್ಟು ಪಳಗಿಲ್ಲ.

ಇಲ್ಲಿನ ಕನ್ನಡದ ಮನೆಗಳಲ್ಲೂ ಅದೇ ಕಥೆ. ರಾಯಚೂರು, ಬೀದರ್, ಕಲಬುರಗಿ ಕಡೆಯವರಿಗೆ ಹೈದರಾಬಾದ್ ಎಂದೂ ಪರಸ್ಥಳ ಅನ್ನಿಸಿದ್ದಿಲ್ಲ. 1956ರ ನವೆಂಬರ್ 1ರವರೆಗೆ ಅದೇ ಅವರ ರಾಜಧಾನಿ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಯ ಸುತ್ತ ಬೆಳೆದ ಮಂದಿ ಮಲಕ್‌ಪೇಟೆ, ದಿಲ್‌ಸುಖ್‌ನಗರ, ಕೊತ್ತಪೇಟೆಗೂ ಹರಡಿದ್ದಾರೆ. ಈ ಮನೆಗಳಿಂದ ಮೊದಲ ಸಲ ವಿಮಾನ ಹತ್ತಿ ದೇಶ ದಾಟುವವರಲ್ಲಿ ಎರಡು ಬಗೆ. ಒಂದು, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೋ ಮಗನ ಮನೆ ನೋಡುವುದಕ್ಕೋ ಹೋಗುವ ನಿವೃತ್ತ ದಂಪತಿ. ಇನ್ನೊಂದು, ಬೇಸಿಗೆ ರಜೆಯಲ್ಲಿ ಐದಾರು ದಿನದ ಪ್ಯಾಕೇಜ್ ಹಿಡಿದು ಮಕ್ಕಳೊಂದಿಗೆ ಹೊರಡುವ ಸಂಸಾರ.

ಇಬ್ಬರದೂ ಒಂದೇ ಭಯ: ಇಂಗ್ಲಿಷ್ ಸರಿಯಾಗಿ ಬಾರದು, ಊಟ ಸಿಕ್ಕೀತೋ ಇಲ್ಲವೋ, ನಾಲ್ಕು ಜನರೆದುರು ಪೇಚಾಡಬೇಕಾದೀತೋ ಏನೋ. ನಾನು ನೋಡಿದ ಮಟ್ಟಿಗೆ ಈ ಭಯಗಳೆಲ್ಲ ದಂಡ. ಭಾಷೆ ಬಾರದವರನ್ನು ಯಾವ ದೇಶವೂ ವಾಪಸು ಕಳಿಸಿಲ್ಲ. ಕಳಿಸುವುದು ಕಾಗದ ಸರಿಯಿಲ್ಲದವರನ್ನು, ಕಾಡುವುದು ಚೀಲದಲ್ಲಿ ಇರಬಾರದ್ದು ಇದ್ದವರನ್ನು. ಅಂಜಬೇಕಾದದ್ದು ಪರದೇಶದ ಜನಕ್ಕಲ್ಲ, ನಮ್ಮ ಬೀರುವಿನಲ್ಲಿರುವ ಫೈಲಿಗೆ.

ಆ ಫೈಲಿನಲ್ಲಿ ಮೊದಲು ತೆಗೆದು ನೋಡಬೇಕಾದದ್ದು ನಿಮ್ಮದೇ ಹೆಸರು. ಇದು ತಮಾಷೆಯಲ್ಲ. ಮೈಸೂರು ಕಡೆಯ ಕನ್ನಡಿಗರ ಹೆಸರಿಗೆ ಮುಂದೆ ಎರಡು ಇನಿಷಿಯಲ್: ಒಂದು ಊರಿನದು, ಒಂದು ಅಪ್ಪನದು. ಕಲಬುರಗಿ ಕಡೆಯವರಿಗೆ ಕೊನೆಯಲ್ಲಿ ಪಾಟೀಲ, ಕುಲಕರ್ಣಿ, ದೇಸಾಯಿ. ತೆಲುಗರಿಗೆ ಮನೆತನದ ಹೆಸರು ಮೊದಲು, ಕರೆಯುವ ಹೆಸರು ಆಮೇಲೆ. ಈ ಮೂರೂ ಪದ್ಧತಿ ಹೈದರಾಬಾದಿನ ಒಂದೇ ಶಾಲೆಯ ರಿಜಿಸ್ಟರಿನಲ್ಲಿ ಕಲೆತಾಗ ಏನಾಗಬೇಕೋ ಅದೇ ಆಗಿದೆ. ಎಸ್ಸೆಸ್ಸಿ ಮೆಮೊದಲ್ಲಿ ಮನೆತನದ ಹೆಸರು ಮುಂದೆ, ಆಧಾರ್‌ನಲ್ಲಿ ಹಿಂದೆ, ಪ್ಯಾನ್ ಕಾರ್ಡಿನಲ್ಲಿ ಇಲ್ಲವೇ ಇಲ್ಲ. ಶರಣಬಸಪ್ಪ ಎಂಬ ಒಂದೇ ಹೆಸರು ಗುಮಾಸ್ತರ ಕೈಯಲ್ಲಿ ಎರಡು ತುಂಡಾಗಿ ಶರಣ ಬೇರೆ, ಬಸಪ್ಪ ಬೇರೆ ಆಗಿರುತ್ತದೆ. ಹಳಬರ ಹುಟ್ಟಿದ ದಿನದ ಮಾತಂತೂ ಬೇಡ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಜನ್ಮದಿನ, ಹಾಗಾಗಿ ಒಂದು ತಲೆಮಾರಿನ ಅರ್ಧ ಜನ ಜೂನ್ 1ರಂದೇ ಹುಟ್ಟಿದ್ದಾರೆ.

ಪಾಸ್‌ಪೋರ್ಟಿನಲ್ಲಿ ಹೆಸರಿಗೆ ಎರಡು ಅಂಕಣ. ಒಂದರಲ್ಲಿ ಕೊಟ್ಟ ಹೆಸರು, ಇನ್ನೊಂದರಲ್ಲಿ ಸರ್‌ನೇಮ್. ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ನಮ್ಮ ಎಷ್ಟೋ ಹಿರಿಯರು ಸರ್‌ನೇಮ್ ಅಂಕಣ ಖಾಲಿ ಬಿಟ್ಟಿದ್ದಾರೆ. ಭಾರತದ ಮಟ್ಟಿಗೆ ಅದು ತಪ್ಪಲ್ಲ. ಆದರೆ 2022ರ ನವೆಂಬರ್‌ನಲ್ಲಿ ಯುಎಇ, ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲ ಎಂದುಬಿಟ್ಟಿತು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯದೋ ಮನೆತನದ್ದೋ ಹೆಸರಿದ್ದರೆ ನಡೆದೀತು ಎಂಬ ವಿವರಣೆ ಆಮೇಲೆ ಬಂತು. ವಿಮಾನ ಕಂಪನಿಗಳ ಟಿಕೆಟ್ ಪುಟದಲ್ಲೂ ಎರಡು ಹೆಸರು ತುಂಬದೆ ಮುಂದಕ್ಕೆ ಹೋಗುವುದೇ ಇಲ್ಲ. ಹೊಸದಾಗಿ ಅರ್ಜಿ ಹಾಕುವವರು ಎರಡೂ ಅಂಕಣ ತುಂಬುವುದೇ ಜಾಣತನ. ಈಗಾಗಲೇ ಒಂಟಿ ಹೆಸರಿನ ಪಾಸ್‌ಪೋರ್ಟ್ ಇದ್ದವರು ಟಿಕೆಟ್ ಮಾಡಿಸುವ ಮುಂಚೆ ಆಯಾ ವಿಮಾನ ಕಂಪನಿಯನ್ನೇ ಕೇಳಿ. ಮತ್ತೊಂದು ಮಾತು: ಮದುವೆಯಾದಾಕ್ಷಣ ಹೆಣ್ಣುಮಗಳು ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಿಕೊಳ್ಳಲೇಬೇಕೆಂಬ ನಿಯಮವಿಲ್ಲ. ಅತ್ತೆಮನೆಯ ಒತ್ತಾಯಕ್ಕೆ ಬದಲಿಸಿ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು ಎಂದು ಆಮೇಲೆ ಅಲೆಯುವವರು ಬೇಕಾದಷ್ಟು ಮಂದಿ.

ಪಾಸ್‌ಪೋರ್ಟ್ ಮಾಡಿಸುವ ಕೆಲಸ ಈಗ ದಿಲ್‌ಸುಖ್‌ನಗರದವರಿಗೆ ಹಿಂದಿಗಿಂತ ಸಲೀಸು. ಅಮೀರ್‌ಪೇಟೆಯಲ್ಲಿದ್ದ ಸೇವಾ ಕೇಂದ್ರ 2025ರ ಸೆಪ್ಟೆಂಬರ್‌ನಲ್ಲಿ ಎಂಜಿಬಿಎಸ್ ಮೆಟ್ರೊ ನಿಲ್ದಾಣಕ್ಕೆ ಬಂತು. ಮೂಸಾರಾಂಬಾಗ್, ನ್ಯೂ ಮಾರ್ಕೆಟ್, ಮಲಕ್‌ಪೇಟೆ, ಅದರ ಮುಂದಿನದೇ ಎಂಜಿಬಿಎಸ್. ರೈಲು ಬದಲಿಸುವ ಗೋಜೂ ಇಲ್ಲ. 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ. ತತ್ಕಾಲ್ ಆದರೆ ಇನ್ನೂ 2,000. ಇದಕ್ಕೆ ಏಜೆಂಟರಿಗೆ ಐದು ಸಾವಿರ ಕೊಡುವ ಅಗತ್ಯ ನನಗೆ ಕಾಣದು. ಹಾಸ್ಟೆಲಿನಲ್ಲಿರುವ ಹುಡುಗರು ಒಂದು ವಿಷಯ ಗಮನಿಸಲಿ: ವಿಚಾರಣೆಗೆ ಪೊಲೀಸರು ಬರುವುದು ಈಗ ಇರುವ ವಿಳಾಸಕ್ಕೆ. ಅರ್ಜಿಯಲ್ಲಿ ಸಿಂಧನೂರು ಬರೆದು ಚೈತನ್ಯಪುರಿಯಲ್ಲಿ ಕೂತರೆ ಕಡತ ಎರಡೂ ಊರಿನ ನಡುವೆ ಓಡಾಡುತ್ತದೆ. ಹತ್ತನೇ ತರಗತಿ ಮುಗಿಸದ, ಐವತ್ತು ದಾಟದವರ ಪುಸ್ತಕದಲ್ಲಿ ಇಸಿಆರ್ ಎಂಬ ಮುದ್ರೆ ಬರುತ್ತದೆ. ಅದನ್ನು ಕಂಡು ಗಾಬರಿ ಬೇಡ. ಅದು ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ದುಡಿಯಲು ಹೋಗುವವರ ರಕ್ಷಣೆಗೆ ಇರುವ ಏರ್ಪಾಡು. ಪ್ರವಾಸಕ್ಕೆ ಹೋಗುವವರು ವಾಪಸು ಟಿಕೆಟ್, ಹೋಟೆಲಿನ ಕಾಗದ ಕೈಯಲ್ಲಿ ಹಿಡಿದಿದ್ದರೆ ಸಾಕು.

ಪುಸ್ತಕ ಕೈಗೆ ಬಂದಮೇಲೆ ಅವಧಿ ನೋಡಿ. ಮುಗಿಯಲು ಇನ್ನೂ ಮೂರು ತಿಂಗಳಿದೆಯಲ್ಲ ಎಂದು ಹೊರಟರೆ ಶಂಷಾಬಾದ್ ವಿಮಾನ ನಿಲ್ದಾಣದ ಚೆಕ್‌ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ಬಹುಪಾಲು ದೇಶಗಳು ಒಳಬರುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಕೇಳುತ್ತವೆ. ಮಕ್ಕಳ ಪಾಸ್‌ಪೋರ್ಟಿಗೆ ಹತ್ತು ವರ್ಷವಲ್ಲ, ಐದೇ ವರ್ಷ ಎಂಬುದೂ ನೆನಪಿರಲಿ. ಸರ್ಕಾರಿ ನೌಕರರು ಪರದೇಶ ಪ್ರವಾಸಕ್ಕೆ ಇಲಾಖೆಯ ಅನುಮತಿ ಪಡೆಯಬೇಕು; ಆ ಕಡತ ಮೇಜಿನಿಂದ ಮೇಜಿಗೆ ಸಾಗುವ ವೇಗ ನಿಮಗೇ ಗೊತ್ತು, ಟಿಕೆಟ್‌ಗಿಂತ ಮೊದಲು ಅರ್ಜಿ ಕೊಡಿ. ಕೇಂದ್ರ ಸರ್ಕಾರದ ಪಿಂಚಣಿದಾರರು ನವೆಂಬರ್‌ನಲ್ಲಿ ಅಮೆರಿಕದಲ್ಲಿರುವುದಾದರೆ ಜೀವನ ಪ್ರಮಾಣಪತ್ರದ ದಾರಿಯನ್ನು ಹೊರಡುವ ಮುನ್ನವೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಮೊಮ್ಮಗಳಿಗೆ ಎಣ್ಣೆ ಹಚ್ಚುತ್ತ ಕೂತಾಗ ಪಿಂಚಣಿ ನಿಂತ ಸುದ್ದಿ ಬರುವುದು ಯಾರಿಗೂ ಬೇಡ.

ವೀಸಾ ಎಂದರೆ ಹೈದರಾಬಾದಿನಲ್ಲಿ ಮೊದಲು ನೆನಪಾಗುವವನು ಚಿಲ್ಕೂರು ಬಾಲಾಜಿ. ಉಸ್ಮಾನ್ ಸಾಗರದ ದಂಡೆಯ ಈ ಗುಡಿಯಲ್ಲಿ ಹುಂಡಿ ಇಲ್ಲ. ಬೇಡಿಕೊಳ್ಳುವಾಗ 11 ಪ್ರದಕ್ಷಿಣೆ, ಈಡೇರಿದ ಮೇಲೆ 108. ದಿಲ್‌ಸುಖ್‌ನಗರದ ಹುಡುಗರು ಪಾಸ್‌ಪೋರ್ಟ್ ಹಿಡಿದೇ ಸುತ್ತು ಹಾಕುತ್ತಾರೆ. ಅಮೆರಿಕದ ಕಾನ್ಸುಲೇಟ್ 2008ರಲ್ಲಿ ಬೇಗಂಪೇಟೆಯ ಪೈಗಾ ಅರಮನೆಯಲ್ಲಿ ಶುರುವಾಗಿ, 2023ರ ಮಾರ್ಚ್‌ನಲ್ಲಿ ನಾನಕ್‌ರಾಮ್‌ಗುಡದ ಹೊಸ ಕಟ್ಟಡಕ್ಕೆ ಹೋಯಿತು. ಬಾಲಾಜಿಯ ಕೃಪೆ ಇರಲಿ, ಆದರೆ ಅಲ್ಲಿನ ಕಿಟಕಿಯ ಹಿಂದೆ ಕೂತ ಅಧಿಕಾರಿ ಏನು ನೋಡುತ್ತಾನೆ ಎಂಬುದೂ ತಿಳಿದಿರಲಿ. ಅವರ ಕಾನೂನಿನ ಪ್ರಕಾರ ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬನೂ ಅಲ್ಲೇ ಉಳಿದುಬಿಡಲು ಬಂದವನು ಎಂದೇ ಲೆಕ್ಕ. ಹಾಗಲ್ಲ ಎಂದು ತೋರಿಸುವ ಹೊಣೆ ನಮ್ಮದು. ಮನೆ, ಪಿಂಚಣಿ, ಇಲ್ಲಿರುವ ಇನ್ನೊಬ್ಬ ಮಗ, ಊರಿನ ಹೊಲ, ಇವೇ ಸಾಕ್ಷಿ. ಕನ್ಸಲ್ಟೆನ್ಸಿಯವರು ಬಾಯಿಪಾಠ ಮಾಡಿಸಿದ ಉತ್ತರ ಅಲ್ಲಿ ನಡೆಯದು. ಕೇಳಿದ್ದಕ್ಕೆ ಎರಡು ವಾಕ್ಯದಲ್ಲಿ ನಿಜ ಹೇಳುವುದು ಎಲ್ಲಕ್ಕಿಂತ ಸುಲಭ. ಇಂಗ್ಲಿಷ್ ತೊಡಕಾದರೆ ತೆಲುಗಿನಲ್ಲೋ ಹಿಂದಿಯಲ್ಲೋ ಮಾತಾಡಬಹುದು. ವೀಸಾ ಸಿಗದಿದ್ದರೆ 185 ಡಾಲರ್ ಶುಲ್ಕ ವಾಪಸಿಲ್ಲ, ಮತ್ತೆ ಅರ್ಜಿ ಹಾಕಿದರೆ ಮತ್ತೆ ಅಷ್ಟೇ ಕಟ್ಟಬೇಕು.

ರಜೆಯ ಪ್ರವಾಸಕ್ಕೆ ಹೊರಟವರಿಗೆ ಇಷ್ಟು ಪಾಡಿಲ್ಲ. ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ ಭಾರತೀಯರಿಗೆ ವೀಸಾ ತೆಗೆದುಹಾಕಿತು, 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ತುಂಬುವುದನ್ನು ಕಡ್ಡಾಯ ಮಾಡಿತು. ಮಲೇಷ್ಯಾದ ರಿಯಾಯಿತಿ 2023ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅಲ್ಲೂ ಅಂಥದ್ದೇ ಕಾರ್ಡು. ಎರಡಕ್ಕೂ ಕಾಸಿಲ್ಲ. ಕಾಸು ಕೇಳುವ ಜಾಲತಾಣ ಸಿಕ್ಕರೆ ಅದು ಸರ್ಕಾರದ್ದಲ್ಲ ಎಂದೇ ತಿಳಿಯಿರಿ. ಇಂಥ ರಿಯಾಯಿತಿಗಳು ಆಯಾ ಸರ್ಕಾರದ ಮರ್ಜಿಗೆ ಬಿಟ್ಟದ್ದು. ಹೋದ ವರ್ಷ ಷಡ್ಡಕ ಹೋಗಿ ಬಂದದ್ದನ್ನು ನಂಬದೆ ಟಿಕೆಟ್ ಮಾಡಿಸುವ ದಿನ ಮತ್ತೊಮ್ಮೆ ನೋಡಿಕೊಳ್ಳಿ. ಯುರೋಪಿಗೆ ಹೋಗುವ ಆಸೆಯಿದ್ದವರಿಗೆ ಷೆಂಗನ್ ವೀಸಾದ ಜೊತೆ ಕನಿಷ್ಠ 30,000 ಯೂರೊ ಮೊತ್ತದ ಆರೋಗ್ಯ ವಿಮೆ ಬೇಕೇಬೇಕು. ವಿಮೆ ಕೇಳದ ದೇಶಕ್ಕೂ ಮಾಡಿಸಿಯೇ ಹೊರಡಿ. ಬಿಪಿ, ಶುಗರ್ ಇದ್ದವರು ಅದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ತಿಳಿದರೆ ಆಸ್ಪತ್ರೆಯ ಬಿಲ್ಲು ಬಂದ ದಿನ ವಿಮೆಯವರು ಕೈಯಾಡಿಸಿಬಿಡುತ್ತಾರೆ.

ಇನ್ನು ಚೀಲ. ನಮ್ಮವರ ಚೀಲ ಎಂದರೆ ಅರ್ಧ ಅಡುಗೆಮನೆ. ಅದರಲ್ಲಿ ತಪ್ಪಿಲ್ಲ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅವಲಕ್ಕಿ ಚೂಡಾ ಇವುಗಳಿಗಿಂತ ಒಳ್ಳೆಯ ಪ್ರವಾಸದ ಊಟ ಯಾವ ದೇಶದವರೂ ಕಂಡುಹಿಡಿದಿಲ್ಲ. ಒಣಗಿದ್ದು, ಕೆಡುವುದಿಲ್ಲ, ಸೋರುವುದಿಲ್ಲ. ಕೈಚೀಲದಲ್ಲಿ ಉಪ್ಪಿನಕಾಯಿ, ತುಪ್ಪ ಮಾತ್ರ ಬೇಡ. ಭದ್ರತೆಯವರ ಲೆಕ್ಕದಲ್ಲಿ ಅವೂ ದ್ರವ, ನೂರು ಮಿಲಿಲೀಟರ್ ಮೀರಿದ ಬಾಟಲಿ ಒಳಗೆ ಹೋಗದು. ಪವರ್ ಬ್ಯಾಂಕ್ ಇದಕ್ಕೆ ತಿರುವುಮುರುವು: ದೊಡ್ಡ ಸೂಟ್‌ಕೇಸಿನಲ್ಲಿ ಇಡುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಇಡೀ ಒಣಕೊಬ್ಬರಿಯ ಗಿಟುಕು ಎರಡರಲ್ಲೂ ಬೇಡ. ಎಣ್ಣೆಯಂಶ ಹೆಚ್ಚಿರುವುದರಿಂದ ಬೆಂಕಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಗೆ ಅದು ಸೇರಿದೆ. ಬಾಣಂತಿಯ ಅಂಟಿನುಂಡೆಗೆಂದು ಕೊಬ್ಬರಿ ಕಟ್ಟಿಕೊಂಡು ಹೊರಟ ಎಷ್ಟೋ ಅಮ್ಮಂದಿರಿಗೆ ಇದು ತಿಳಿಯುವುದು ಸೂಟ್‌ಕೇಸ್ ಬಿಚ್ಚಿಸಿದಾಗಲೇ.

ನಿಜವಾಗಿ ಅಪಾಯವಿರುವುದು ಗಸಗಸೆಯಲ್ಲಿ. ನಮಗೆ ಅದು ಪಾಯಸ, ಸಾಗಿನ ಮಸಾಲೆ. ಅಫೀಮಿನ ಗಿಡದ ಬೀಜವಾದ್ದರಿಂದ ಯುಎಇ, ಸೌದಿ, ಸಿಂಗಪುರಗಳಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಒಂದು ಮುಷ್ಟಿ ಗಸಗಸೆಗೆ ಜೈಲು ಕಂಡವರಿದ್ದಾರೆ. ಮಸಾಲೆ ಪುಡಿ ಒಯ್ಯುವುದಾದರೆ ಅದರಲ್ಲಿ ಗಸಗಸೆ ಹುರಿದು ಹಾಕಿದ್ದೀರಾ ಎಂದು ಅಡುಗೆಮನೆಯಲ್ಲೇ ಕೇಳಿ. ದುಬೈಗೆ ಎಲೆ ಅಡಿಕೆ, ಸಿಂಗಪುರಕ್ಕೆ ಗುಟ್ಕಾ, ಚ್ಯೂಯಿಂಗ್ ಗಮ್ ಬೇಡ. ಸಿಂಗಪುರದಲ್ಲಿ ಚ್ಯೂಯಿಂಗ್ ಗಮ್ಮಿಗೆ 1992ರಿಂದಲೂ ನಿಷೇಧವಿದೆ. ಅಮೆರಿಕಕ್ಕೆ ಕರಿಬೇವು ಒಯ್ಯಬೇಡಿ. ಅದು ನಿಂಬೆ ಜಾತಿಯ ಗಿಡಗಳ ರೋಗ ಹರಡುವ ಕೀಟಕ್ಕೆ ಮನೆ. ಫ್ಲಾರಿಡಾದ ಕಿತ್ತಳೆ ತೋಟಗಳು ಆ ರೋಗದಿಂದ ನೆಲಕಚ್ಚಿವೆ. ನ್ಯೂಜಿಲೆಂಡಿನಲ್ಲಿ ತಿಂಡಿ ಇದೆ ಎಂದು ಫಾರಂನಲ್ಲಿ ಬರೆಯದಿದ್ದರೆ ನಿಂತ ಜಾಗದಲ್ಲೇ 400 ಡಾಲರ್ ದಂಡ. ಬರೆದರೆ ದಂಡವಿಲ್ಲ, ನೋಡುತ್ತಾರೆ, ಬೇಡವಾದದ್ದನ್ನು ಕಸದ ಬುಟ್ಟಿಗೆ ಹಾಕುತ್ತಾರೆ, ಮುಗಿಯಿತು. ಯಾವ ದೇಶವೇ ಆಗಲಿ, ಅನುಮಾನ ಬಂದರೆ ‘ಇದೆ’ ಎಂದು ಬರೆಯುವುದೇ ಕ್ಷೇಮ.

ಮಾತ್ರೆಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಸ್ಟ್ರಿಪ್ಪಿನಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ ಇರಲಿ. ಚೀಟಿಯಲ್ಲಿ ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು ಬರೆಸಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ನಿದ್ದೆ ಮಾತ್ರೆ ಇವೆಲ್ಲ ಕೊಲ್ಲಿಯಲ್ಲಿ ಬಿಗಿ ಕಾನೂನಿನ ಅಡಿಯಲ್ಲಿ ಬರುತ್ತವೆ. ಜಪಾನೂ ಈ ವಿಷಯದಲ್ಲಿ ಕಟ್ಟುನಿಟ್ಟು.

ಹೊರಡುವ ಹಿಂದಿನ ರಾತ್ರಿ ಪಕ್ಕದ ಫ್ಲ್ಯಾಟಿನವರು ಬರುತ್ತಾರೆ. ‘ಅಕ್ಕಾರ, ಒಂದು ಸಣ್ಣ ಡಬ್ಬಿ ಅಷ್ಟ, ನಮ್ಮ ಹುಡುಗ ಏರ್‌ಪೋರ್ಟಿಗೇ ಬಂದು ತಗೊಂತಾನ.’ ಇಲ್ಲ ಎನ್ನುವುದು ನಮ್ಮ ಕಡೆಯವರಿಗೆ ಬಹಳ ಕಷ್ಟ. ಆದರೂ ಅನ್ನಲೇಬೇಕು. ಚೀಲದಲ್ಲಿ ಸಿಕ್ಕಿದ್ದಕ್ಕೆ ಚೀಲದ ಒಡೆಯನೇ ಹೊಣೆ, ಯಾವ ದೇಶದ ಪೊಲೀಸರೂ ಪಕ್ಕದ ಫ್ಲ್ಯಾಟಿನ ಕಥೆ ಕೇಳುವುದಿಲ್ಲ. ಬರುವಾಗಲೂ ಅಷ್ಟೆ. ಬ್ಯಾಂಕಾಕಿನಿಂದ ಗಾಂಜಾ ಸಾಗಿಸುವಾಗ ಸಿಕ್ಕಿಬಿದ್ದವರ ಸುದ್ದಿ ಶಂಷಾಬಾದಿನಿಂದ ಮತ್ತೆ ಮತ್ತೆ ಬರುತ್ತಿದೆ. ಥಾಯ್ಲೆಂಡ್ 2022ರಲ್ಲಿ ಗಾಂಜಾಕ್ಕೆ ಸಡಿಲ ಕೊಟ್ಟು, 2025ರಲ್ಲಿ ಮತ್ತೆ ಡಾಕ್ಟರ ಚೀಟಿಗೆ ಕಟ್ಟಿಹಾಕಿತು. ಬೀದಿಯಲ್ಲಿ ಯಾರೋ ಕೊಟ್ಟ ಕೇಕಿನ ತುಂಡು ತಿನ್ನುವ ಮುಂಚೆ, ಅಪರಿಚಿತರ ಟ್ರಾಲಿ ‘ಸ್ವಲ್ಪ ಹಿಡಿದುಕೊಳ್ಳುವ’ ಮುಂಚೆ ಇದು ನೆನಪಿರಲಿ.

ಕೋಚಿಂಗ್ ಸೆಂಟರಿನ ಹುಡುಗರಿಗೆ ಇಲ್ಲೇ ಒಂದು ಮಾತು ಹೇಳಬೇಕು, ರಜೆಯ ಲೇಖನಕ್ಕೆ ಹೊರತಾದರೂ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ಟಿಕೆಟ್ ನಾವೇ ಕೊಡುತ್ತೇವೆ, ಪ್ರವಾಸಿಯಾಗಿ ಬನ್ನಿ ಎಂದು ಕರೆದವರ ಹಿಂದೆ ಹೋದ ಎಷ್ಟೋ ಮಂದಿ ಗಡಿ ದಾಟಿ ಮ್ಯಾನ್ಮಾರ್‌ನ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಸಿಕ್ಕಿಹಾಕಿಕೊಂಡರು. 2025ರ ಮಾರ್ಚ್‌ನಲ್ಲಿ ಅಂಥ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಶಂಷಾಬಾದಿನ ಇಮಿಗ್ರೇಷನ್ ಕೌಂಟರಿನಲ್ಲಿ ಒಂಟಿಯಾಗಿ ಹೊರಟ ಹುಡುಗರನ್ನು ನಾಲ್ಕು ಪ್ರಶ್ನೆ ಹೆಚ್ಚು ಕೇಳಿದರೆ ಸಿಟ್ಟಾಗಬೇಡಿ.

ದುಡ್ಡಿನ ವಿಷಯ ಚಿಕ್ಕದು. ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ವಿದೇಶಿ ನೋಟು ಒಯ್ಯಬಹುದು, ನಮ್ಮ ರೂಪಾಯಿ 25,000ದವರೆಗೆ. ನಾಲ್ಕೈದು ದಿನದ ಪ್ರವಾಸಕ್ಕೆ ಇಷ್ಟೆಲ್ಲ ನೋಟು ಯಾಕೆ? ಸ್ವಲ್ಪ ನೋಟು, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ. ಅಂಗಡಿಯ ಮಷಿನ್ನು ‘ರೂಪಾಯಿಯಲ್ಲಿ ಕೊಡುತ್ತೀರಾ’ ಎಂದು ಮುದ್ದಾಗಿ ಕೇಳಿದರೆ ಬೇಡ ಎನ್ನಿ. ರೂಪಾಯಿ ಎಂದಿರೋ ವಿನಿಮಯ ದರ ಅವರು ಹಾಕಿದ್ದೇ ಆಗುತ್ತದೆ. ಅಲ್ಲಿನ ನಾಣ್ಯದಲ್ಲೇ ಕೊಡಿ. ಟೂರ್ ಪ್ಯಾಕೇಜಿನ ಬಿಲ್ಲಿನಲ್ಲಿ ಟಿಸಿಎಸ್ ಎಂದು ಹಿಡಿದದ್ದು ಹೋದ ದುಡ್ಡಲ್ಲ. ಯಾರ ಪ್ಯಾನ್ ಕೊಟ್ಟಿದ್ದೀರೋ ಅವರ ಆದಾಯ ತೆರಿಗೆ ಲೆಕ್ಕಕ್ಕೆ ಅದು ಜಮೆಯಾಗುತ್ತದೆ, ರಿಟರ್ನ್ಸ್ ಸಲ್ಲಿಸುವಾಗ ಕೇಳಿ ಪಡೆಯಿರಿ. ಚಿನ್ನ ಮಾತ್ರ ಮನೆಯಲ್ಲಿರಲಿ. ಹಾಕಿಕೊಂಡೇ ಹೋಗುವೆ ಎನ್ನುವವರು ಹೊರಡುವಾಗಲೇ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಇಲ್ಲವಾದರೆ ವಾಪಸು ಬಂದಾಗ ನಿಮ್ಮ ತವರಿನ ಬಳೆ ದುಬೈಯಲ್ಲಿ ಕೊಂಡದ್ದಲ್ಲ ಎಂದು ಸಾಧಿಸುವುದು ನಿಮ್ಮ ಪಾಲಿಗೆ ಬೀಳುತ್ತದೆ.

ಅಲ್ಲಿ ಇಳಿದ ಮೇಲಿನ ನಡೆನುಡಿಯ ಮಾತಿಗೆ ಬರೋಣ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಗುರು ಗೊರೂರು ರಾಮಸ್ವಾಮಿ ಅಯ್ಯಂಗಾರ್. ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋದ ಈ ಹಳ್ಳಿಯ ಮನುಷ್ಯ ಬರೆದ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೀಳರಿಮೆಯೂ ಇಲ್ಲದೆ, ಹಮ್ಮೂ ಇಲ್ಲದೆ, ಕುತೂಹಲವೊಂದನ್ನೇ ಬಂಡವಾಳ ಮಾಡಿಕೊಂಡು ನೋಡುವುದು ಹೇಗೆಂದು ತಿಳಿಯಲು ಯಾವ ಗೈಡ್ ಪುಸ್ತಕಕ್ಕಿಂತ ಅದೇ ಮೇಲು. ಬಾಣಂತನಕ್ಕೆ ಹೊರಟ ಅಜ್ಜ ಅಜ್ಜಿಯರ ಸೂಟ್‌ಕೇಸಿನಲ್ಲಿ ಅದೊಂದು ಪ್ರತಿ ಇರಲಿ.

ನಮ್ಮವರ ಮೇಲೆ ಬರುವ ದೂರು ಬಹುಪಾಲು ದನಿಯದು. ರೈಲಿನಲ್ಲಿ ಸ್ಪೀಕರ್ ಹಾಕಿ ವಿಡಿಯೊ ಕಾಲ್, ಹೋಟೆಲಿನ ವರಾಂಡದಲ್ಲಿ ರಾತ್ರಿ ಹನ್ನೊಂದಕ್ಕೆ ಹರಟೆ. ಎರಡನೆಯ ದೂರು ಸಾಲಿನದು. ಮುಂದಿನವನ ಬೆನ್ನಿಗೆ ಅಂಟಿಕೊಂಡು ನಿಲ್ಲದಿದ್ದರೆ ನಮ್ಮ ಜಾಗ ಹೋಯಿತೆಂದು ನಮಗೆ ಭಯ, ಅಲ್ಲಿ ಒಂದು ಮೊಳ ಬಿಟ್ಟು ನಿಂತರೂ ಯಾರೂ ನುಗ್ಗುವುದಿಲ್ಲ. ಹೋಟೆಲಿನ ಬೆಳಗಿನ ಬಫೆಯಲ್ಲಿ ಬೇಕಾದಷ್ಟು ತಿನ್ನಿ, ಮಧ್ಯಾಹ್ನಕ್ಕೆಂದು ಬ್ಯಾಗಿಗೆ ಹಾಕಿಕೊಳ್ಳಬೇಡಿ. ಕೋಣೆಯಲ್ಲಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗಿ ಇಡೀ ಕಟ್ಟಡ ರಸ್ತೆಗೆ ಬರುತ್ತದೆ. ಸಿಂಗಪುರದ ಮೆಟ್ರೊದಲ್ಲಿ ನೀರು ಕುಡಿದರೂ ದಂಡ. ಅಲ್ಲಿನ ಹಾಕರ್ ಸೆಂಟರುಗಳಲ್ಲಿ ಉಂಡ ತಟ್ಟೆ ಎತ್ತಿಡದಿದ್ದರೆ 2021ರಿಂದ ಅದಕ್ಕೂ ದಂಡ. ಅಮೆರಿಕದಲ್ಲಿ ಪಕ್ಕದ ಮನೆಯ ಮಗುವನ್ನು ಪ್ರೀತಿಯಿಂದಲಾದರೂ ಕೇಳದೆ ಎತ್ತಿಕೊಳ್ಳಬೇಡಿ. ಮೊಮ್ಮಗನನ್ನು ಕಾರಿನಲ್ಲಿ ಒಂಟಿಯಾಗಿ ಬಿಟ್ಟು ಅಂಗಡಿಗೆ ಇಳಿಯಬೇಡಿ. ಪೊಲೀಸರು ಕಾರು ನಿಲ್ಲಿಸಿದರೆ ಇಲ್ಲಿಯ ಹಾಗೆ ಇಳಿದು ಹೋಗಿ ಮಾತಾಡುವಂತಿಲ್ಲ, ಕೂತಲ್ಲೇ ಕೂತಿರಬೇಕು.

ಬೌದ್ಧ ದೇಶಗಳಲ್ಲಿ ನಮ್ಮವರು ಸಲೀಸಾಗಿ ಹೊಂದಿಕೊಳ್ಳಬೇಕಿತ್ತು, ಗುಡಿಯ ಶಿಸ್ತು ನಮಗೇನು ಹೊಸದೇ? ಆದರೂ ಪ್ರವಾಸಕ್ಕೆ ಬಂದಾಕ್ಷಣ ಚಡ್ಡಿ, ತೋಳಿಲ್ಲದ ಬನಿಯನ್ ಹಾಕುವ ಚಾಳಿ ಹತ್ತುತ್ತದೆ. ಬ್ಯಾಂಕಾಕಿನ ಗ್ರ್ಯಾಂಡ್ ಪ್ಯಾಲೇಸಿಗೆ ಭುಜ, ಮೊಣಕಾಲು ಮುಚ್ಚದವರನ್ನು ಬಿಡುವುದಿಲ್ಲ. ಅದರ ಹೊರಗೆ ‘ಇವತ್ತು ಅರಮನೆ ಬಂದ್, ಬನ್ನಿ ಬೇರೆ ಕಡೆ ತೋರಿಸುತ್ತೇನೆ’ ಎನ್ನುವ ಟುಕ್‌ಟುಕ್‌ನವನು ಒಯ್ಯುವುದು ಹರಳಿನ ಅಂಗಡಿಗೆ. ಭಿಕ್ಷುಗಳನ್ನು ಹೆಂಗಸರು ಮುಟ್ಟಬಾರದು. ಯಾರ ತಲೆಯನ್ನೂ ಸವರಬಾರದು, ಬುದ್ಧನ ಕಡೆಗೆ ಕಾಲು ಚಾಚಬಾರದು. ಶ್ರೀಲಂಕಾದಲ್ಲಿ ಬುದ್ಧನಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯುವುದು ದೊಡ್ಡ ಅಪಚಾರ. ಥಾಯ್ ರಾಜಮನೆತನದ ಬಗ್ಗೆ ಲಘುವಾಗಿ ಮಾತಾಡುವುದು ಬರೀ ಅಸಭ್ಯವಲ್ಲ, ಅಪರಾಧ. ಮೂರರಿಂದ ಹದಿನೈದು ವರ್ಷ ಸೆರೆ. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ನಿಲ್ದಾಣಗಳಲ್ಲಿ, ಉದ್ಯಾನಗಳಲ್ಲಿ ರಾಷ್ಟ್ರಗೀತೆ ಕೇಳಿದರೆ ಎಲ್ಲರೊಂದಿಗೆ ನೀವೂ ನಿಲ್ಲಿ.

ಸಸ್ಯಾಹಾರಿಗಳ ಕಷ್ಟ ನಿಜದ ಕಷ್ಟ. ಥಾಯ್ ಅಡುಗೆಯಲ್ಲಿ ಬರೀ ತರಕಾರಿಗೂ ಮೀನಿನ ರಸ ಬೀಳುತ್ತದೆ. ಅವರ ಮಟ್ಟಿಗೆ ಅದು ಉಪ್ಪಿನ ಲೆಕ್ಕ. ವೆಜ್ ಎಂದರೆ ಅರ್ಥವಾಗದು, ‘ಜೇ’ ಎನ್ನಿ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಬರೆದ ಅಂಗಡಿ ಕಂಡರೆ ಮಡಿಯವರೂ ಉಣ್ಣಬಹುದು, ಅಲ್ಲಿ ಬೆಳ್ಳುಳ್ಳಿಯೂ ಇರದು. ವಿಯೆಟ್ನಾಮಿನಲ್ಲಿ ಇದೇ ಕೆಲಸಕ್ಕೆ ‘ಚಾಯ್’ ಎನ್ನುತ್ತಾರೆ; ಟೀ ತಂದಾರೆಂದು ಹೆದರಬೇಡಿ. ಶೌಚಾಲಯದ ಚಿಂತೆ ಇನ್ನೊಂದು, ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಥಾಯ್ಲೆಂಡ್, ಮಲೇಷ್ಯಾ, ದುಬೈಗಳಲ್ಲಿ ನೀರಿನ ಪೈಪು ಇರುತ್ತದೆ. ಯುರೋಪು, ಅಮೆರಿಕದಲ್ಲಿ ಕಾಗದವೇ ಗತಿ. ಮಗಳ ಮನೆಯಲ್ಲಿ ಒಂದು ಮಗ್ಗು ಇಡಿಸಿ, ಪ್ರವಾಸದಲ್ಲಿ ಸಣ್ಣ ಬಾಟಲಿ ಇಟ್ಟುಕೊಳ್ಳಿ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ಮೊದಲ ಸಲ ಯಾವ ದೇಶ? ದಿಲ್‌ಸುಖ್‌ನಗರದ ಟ್ರಾವೆಲ್ಸ್‌ನವರು ಬ್ಯಾಂಕಾಕ್ ಎನ್ನುತ್ತಾರೆ, ಅಲ್ಲಿ ಅವರಿಗೆ ಪ್ಯಾಕೇಜು ಸಿದ್ಧವಿದೆ. ಅಮ್ಮ, ಅತ್ತೆ, ಮಕ್ಕಳು ಎಲ್ಲರನ್ನೂ ಕಟ್ಟಿಕೊಂಡು ಹೊರಟ ಸಸ್ಯಾಹಾರಿ ಸಂಸಾರಕ್ಕೆ ನನ್ನ ಮತ ಕ್ವಾಲಾಲಂಪುರಕ್ಕೆ. ಹೈದರಾಬಾದಿನಿಂದ ನೇರ ವಿಮಾನ, ಹೆಚ್ಚುಕಡಿಮೆ ನಾಲ್ಕು ಗಂಟೆಯ ಹಾದಿ. ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಲೆ ಊಟ, ತಮಿಳು ಮಾತು. ಬತು ಗುಹೆಯ ಮುರುಗನ ದರ್ಶನಕ್ಕೆ 272 ಮೆಟ್ಟಿಲು. ಮಂಡಿ ನೋವಿನವರು ಕೆಳಗೆ ನಿಂತೇ 140 ಅಡಿಯ ಮೂರ್ತಿಗೆ ಕೈ ಮುಗಿದರೂ ನಡೆದೀತು. ಚಾರ್ಜರಿಗೆ ಚೌಕಾಕಾರದ ಮೂರು ಪಿನ್ನಿನ ಅಡಾಪ್ಟರ್ ಬೇಕು, ಕೋಟಿ ಬಜಾರಿನಲ್ಲಿ ಸಿಗುತ್ತದೆ. ಬೆರಳು ತೋರಿಸಿ ಮಾತಾಡುವುದು ಅಲ್ಲಿ ಒರಟುತನ, ಹೆಬ್ಬೆರಳು ಬಳಸಿ. ಅರೈವಲ್ ಕಾರ್ಡನ್ನು ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಭಾರತೀಯರಿಗೆ ವೀಸಾ ಇಲ್ಲದೆ ಮೂವತ್ತು ದಿನ ಇರಲು ಮಲೇಷ್ಯಾ ಘೋಷಿಸಿರುವ ರಿಯಾಯಿತಿಯ ಅವಧಿ 2026ರ ಡಿಸೆಂಬರ್ 31ರವರೆಗೆ.